ಹನ್ನೊಂದನೇ ಪ್ಲಾಟಿನ ಹುಲ್ಲು ಮತ್ತು ಕಡತದಲ್ಲಿಲ್ಲದ ನಾಯಿ

ಹಾಸ್ಟೆಲ್ ಹಿತ್ತಿಲಿನ ಶ್ವಾನಮಂಡಳಿಯ ಅಧ್ಯಕ್ಷರೂ, ಹುಡುಗಿಯರೆಲ್ಲ ಪ್ರೀತಿಯಿಂದ ‘ಚೇರ್ಮನ್’ ಎಂದು ಕರೆಯುವವರೂ ಆದ ತಮ್ಮ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೂಗು ತಣ್ಣಗಿದೆ, ಹಸಿವು ಚೆನ್ನಾಗಿದೆ, ಬಾಲ ಎಂದಿನಂತೆ ಡೊಂಕಾಗಿದೆ ಎಂದು ನಂಬಿ, ತೋಟಗಾರಿಕೆ ಕಾಲೇಜಿನ ಮೊದಲನೇ ವರ್ಷದ ವಿದ್ಯಾರ್ಥಿನಿಯಾದ ನಾನು ಎರಡೂ ಕೈ ಜೋಡಿಸಿ (ಒಂದರಲ್ಲಿ ಗುದ್ದಲಿ ಇರುವುದನ್ನು ತಾವು ಅನ್ಯಥಾ ಭಾವಿಸಬಾರದು) ಈ ಬಹಿರಂಗ ವಿಜ್ಞಾಪನೆಯನ್ನು ನೋಟಿಸ್ ಬೋರ್ಡಿನ ಕೆಳತುದಿಯಲ್ಲಿ, ತಮ್ಮ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸುತ್ತಿದ್ದೇನೆ.

ತಾವು ಅರಿಯದ್ದೇನಲ್ಲ, ಆದರೂ ನೆನಪಿಸುತ್ತೇನೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಹಿತ್ತಿಲಿನಲ್ಲಿ ಹತ್ತಡಿಗೆ ಹತ್ತಡಿಯ ಒಂದು ಪ್ಲಾಟು. ಅದರಲ್ಲಿ ಲಾನ್ ಬೆಳೆಸಿ, ಅಂಚಿಗೆ ಹೂವಿನ ಸಾಲು ಹಚ್ಚಿ, ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕು. ಮುಕ್ಕಾಲು ಭಾಗ ಹಸಿರಿಲ್ಲದಿದ್ದರೆ ಪ್ರಾಕ್ಟಿಕಲ್ ಫೇಲು, ಪ್ರಾಕ್ಟಿಕಲ್ ಫೇಲಾದರೆ ಇಡೀ ವರ್ಷ ಮತ್ತೆ ಮೊದಲಿಂದ. ಹನ್ನೊಂದನೇ ಪ್ಲಾಟು ನನ್ನದು. ಹಾಗೆಂದು ಪಟ್ಟಿಯಲ್ಲಿ ಬರೆದಿದೆ, ತಾವು ಒಪ್ಪಬೇಕಷ್ಟೆ.

ನಾಲ್ಕು ಬೆರಳಿಗೊಂದರಂತೆ ಹುಲ್ಲಿನ ತುಂಡು ನೆಟ್ಟು, ಮಂಡಿ ಸವೆಸಿ, ಐದು ವಾರ ನೀರು ಹೊತ್ತೆ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಓದಿದವಳು ನಾನು. ಹುಲ್ಲೆಂದರೆ ಆಟದ ಮೈದಾನದ ಅಂಚಿನಲ್ಲಿ ‘ತುಳಿಯಬಾರದು’ ಎಂಬ ಬೋರ್ಡಿನ ಕೆಳಗೆ ಇರುವ ವಸ್ತು ಎಂದಷ್ಟೇ ಗೊತ್ತಿತ್ತು. ಬೆಳೆಯುವುದು ಇಷ್ಟು ನಿಧಾನ ಎಂದು ಯಾರೂ ಹೇಳಿರಲಿಲ್ಲ. ಹತ್ತನೇ ಪ್ಲಾಟಿನ ಗೆಳತಿಯದು ಹಸಿರಾಯಿತು, ಹನ್ನೆರಡರದು ಹಸಿರಾಯಿತು, ನನ್ನದು ಮಾತ್ರ ಗಡ್ಡ ಬಾರದ ಹುಡುಗನ ಕೆನ್ನೆಯಂತೆ ಅಲ್ಲೊಂದು ಇಲ್ಲೊಂದು. ಗಾಬರಿಯಾಯಿತು. ಗಾಬರಿಯಾದರೆ ನಾನು ಏನನ್ನಾದರೂ ಡಬಲ್ ಮಾಡುತ್ತೇನೆ. ಸ್ಟೋರಿನಲ್ಲಿ ಕೊಟ್ಟ ಗೊಬ್ಬರವನ್ನು ‘ಮಣ್ಣಿನೊಳಗೆ ಬೆರೆಸಿ’ ಎಂದು ಚೀಲದ ಮೇಲೆ ಬರೆದಿದ್ದರೂ, ಹೇಳಿದ್ದಕ್ಕಿಂತ ಎರಡರಷ್ಟನ್ನು ಮೇಲೆಯೇ ಉದುರಿಸಿ, ಮುಖದ ಪೌಡರಿನ ಹಾಗೆ ಸವರಿ ಬಂದೆ.

ಅದು ಮೂಳೆಗೊಬ್ಬರ, ಸ್ವಾಮಿ. ಒಣಗಿಸಿ ಪುಡಿ ಮಾಡಿದ ಅಪ್ಪಟ ಮೂಳೆ.

ಆ ಸಂಜೆ ತಾವು ತಮ್ಮ ಹಿಂದೆಯೇ ನಡೆಯುವ ಸೆಕ್ರೆಟರಿಯವರನ್ನೂ, ಒಂದು ಕಿವಿ ಮಡಚಿದ ಖಜಾಂಚಿಯವರನ್ನೂ ಕರೆದುಕೊಂಡು ಸ್ಥಳಪರಿಶೀಲನೆಗೆ ಬಂದಿರಿ. ಮೂಳೆಯ ವಾಸನೆ ಇದೆಯೆಂದ ಮೇಲೆ ಅಡಿಯಲ್ಲೆಲ್ಲೋ ಮೂಳೆಯೇ ಇರಬೇಕೆಂಬ ತಮ್ಮ ವೈಜ್ಞಾನಿಕ ಮನೋಭಾವವನ್ನು ನಾನು ಮೆಚ್ಚುತ್ತೇನೆ. ನಮ್ಮ ತರಗತಿಯಲ್ಲಿ ಯಾರಿಗೂ ಅಷ್ಟಿಲ್ಲ. ಮೂರು ದಿನದಲ್ಲಿ ಐದು ಗುಂಡಿ. ಒಂದರೊಳಗೆ ನನ್ನ ಕೈ ಮೊಣಕೈವರೆಗೂ ಹೋಗುತ್ತದೆ. ಬೋರ್‌ವೆಲ್ಲಿನವರಿಗೂ ಇಷ್ಟು ಶ್ರದ್ಧೆ ಇರುವುದಿಲ್ಲ. ತೋಡಿದ ಮಣ್ಣನ್ನು ಹೂವಿನ ಸಾಲಿನ ಮೇಲೆಯೇ ಹಾಕಿದ್ದರಿಂದ ಅದರ ಚಿಂತೆಯೂ ನನಗಿಲ್ಲದಂತಾಯಿತು. ಇಷ್ಟೆಲ್ಲ ಕಂಡು ನಾನು ಅಳುತ್ತ ನಿಂತಿದ್ದಾಗ ಮಾಲಿ ಅಜ್ಜ ಬೀಡಿ ಆರಿಸಿ, “ಮೂಳೆ ಹರಡಿ ನಾಯಿಗೆ ಬರಬೇಡ ಅಂದ್ರೆ ಅದು ಕೇಳುತ್ತಾ ತಂಗಿ? ಊಟಕ್ಕೆ ಕರೆದೋಳು ನೀನೇ” ಎಂದರು. ನಿಜ, ಆಮಂತ್ರಣ ನನ್ನದೇ. ಆದರೆ ಬಂದ ನೆಂಟರು ಎಲೆಯನ್ನೂ ನೆಲವನ್ನೂ ಕಿತ್ತುಕೊಂಡು ಹೋಗುತ್ತಾರೆಂದು ನಾನು ಎಣಿಸಿರಲಿಲ್ಲ.

ತಕ್ಷಣ ಬೇಲಿಗಾಗಿ ಅರ್ಜಿ ಬರೆದೆ. ಅದಕ್ಕೆ ಮೂರು ಸಹಿ ಬೇಕು; ಎರಡು ವಾರ ಅಲೆದರೂ ಒಂದೂ ಸಿಗಲಿಲ್ಲ. ತಮ್ಮ ಸಹಿ ಮಾತ್ರ, ಕೇಳದೆಯೇ, ದಿನಕ್ಕೆರಡು ಸಲ, ಹಿಂಗಾಲೆತ್ತಿ, ಪ್ಲಾಟಿನ ಬೇರೆ ಬೇರೆ ಜಾಗದಲ್ಲಿ ಬೀಳುತ್ತಿದೆ. ನಡುವೆ ಸುಟ್ಟ ಹಳದಿ, ಸುತ್ತ ಕಡುಹಸಿರಿನ ಉಂಗುರ. ಇಡೀ ಪ್ಲಾಟಿನಲ್ಲಿ ನಿಜವಾದ ಹಸಿರು ಎಂದು ಇರುವುದು ಆ ಉಂಗುರಗಳಲ್ಲೇ ಎಂಬುದನ್ನು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಅರ್ಜಿ ಹಿಂದೆ ಬಂತು. ‘ಆವರಣದ ನಾಯಿಗಳನ್ನೆಲ್ಲ ಕಳೆದ ವರ್ಷವೇ ಸ್ಥಳಾಂತರಿಸಲಾಗಿದೆ. ಸದರಿ ಆವರಣದಲ್ಲಿ ನಾಯಿಗಳಿರುವುದಿಲ್ಲ. ಆದ್ದರಿಂದ ಬೇಲಿಯ ಅಗತ್ಯ ಕಂಡುಬರುವುದಿಲ್ಲ.’ ಕೆಳಗೆ ನಮ್ಮ ಮೇಷ್ಟ್ರ ರುಜು. ಲಾನ್ ಪಾಠ ಮಾಡುವವರೂ ಅವರೇ, ಹಾಸ್ಟೆಲಿನ ವಾರ್ಡನ್ನೂ ಅವರೇ, ದಿನಾ ಸಂಜೆ ವಾರ್ಡನ್ ರೂಮಿನ ಬಾಗಿಲಲ್ಲಿ ನಿಂತು “ಬಾರೋ ಕಳ್ಳಾ, ಎಲ್ಲಿ ಹೋಗಿದ್ದೆ?” ಎಂದು ತಮಗೆ ಎರಡು ಬಿಸ್ಕೆಟ್ಟು ಹಾಕುವವರೂ ಅವರೇ. ನಾಯಿ ಕಂಡರೆ ಕಲ್ಲಿಲ್ಲ, ಕಲ್ಲು ಕಂಡರೆ ನಾಯಿಯಿಲ್ಲ ಎನ್ನುತ್ತಾರೆ. ಇಲ್ಲಿ ಬಿಸ್ಕೆಟ್ಟು ಇದ್ದಾಗ ನಾಯಿಯುಂಟು, ಕಾಗದ ಬಂದಾಗ ನಾಯಿಯಿಲ್ಲ. ಆ ಬಿಸ್ಕೆಟ್ಟಿನ ಋಣಕ್ಕೋ ಏನೋ, ಅವರ ಬಾಗಿಲ ಮುಂದಿನ ಗುಲಾಬಿ ಪಾತಿಗೆ ತಾವು ಇವತ್ತಿನವರೆಗೆ ಮೂಗನ್ನೂ ತೂರಿಸಿಲ್ಲ.

ಮನೆಗೆ ಫೋನ್ ಮಾಡಿದರೆ ಅಮ್ಮ, “ಹುಲ್ಲು ಬೆಳೆಸೋಕೆ ಅಷ್ಟು ದೂರ ಕಳಿಸಿದ್ವಾ ನಿನ್ನ? ಫೇಲಾಗೋಕೆ ಇಲ್ಲೇ ಜಾಗ ಇತ್ತಲ್ಲೇ!” ಎಂದು ನಕ್ಕರು. ಆಮೇಲೆ ಇನ್ನೊಂದು ವರ್ಷದ ಫೀಸು ಎಷ್ಟೆಂದು ಕೇಳಿದರು. ಅದಕ್ಕೇ ಹೆಚ್ಚು ಭಯವಾಯಿತು.

ಆದಕಾರಣ, ಇಲ್ಲವೆಂದು ಕಚೇರಿಯೇ ತೀರ್ಮಾನಿಸಿರುವ ತಮ್ಮಲ್ಲಿ ನೇರವಾಗಿ ಕೋರುವುದೇನೆಂದರೆ, ಶನಿವಾರದವರೆಗೆ ದಯವಿಟ್ಟು ಕಡತದಲ್ಲಿರುವಂತೆಯೇ ಇಲ್ಲದೆ ಇರಬೇಕು. ಅದು ಸಾಧ್ಯವಿಲ್ಲವಾದರೆ ನಾಲ್ಕರಲ್ಲಿ ಎರಡೇ ಕಾಲಿನಲ್ಲಿ ಓಡಾಡಿ ನನ್ನ ನಷ್ಟವನ್ನು ಅರ್ಧಕ್ಕಿಳಿಸಬೇಕು. ಸಹಿಗಳನ್ನು ಅಲ್ಲೊಂದು ಇಲ್ಲೊಂದು ಹಾಕದೆ ಸಾಲಾಗಿ, ಒತ್ತೊತ್ತಾಗಿ ಹಾಕಿದರೆ ಉಂಗುರಗಳು ಒಂದಕ್ಕೊಂದು ಕೂಡಿ ಮುಕ್ಕಾಲು ಭಾಗ ಹಸಿರಾದೀತು. ಬೇಕಾದರೆ ದಾರ ಕಟ್ಟಿ ಗೆರೆ ಹಾಕಿಕೊಡುತ್ತೇನೆ, ಕುಡಿಯಲು ನೀರು ಎಷ್ಟು ಬೇಕೋ ಅಷ್ಟು ನನ್ನದೇ ಬಕೆಟ್ಟಿನಲ್ಲಿ. ಇನ್ನು ಮಧ್ಯಾಹ್ನದ ನಿದ್ದೆಗೆ ತಾವು ಹನ್ನೊಂದನೇ ಪ್ಲಾಟನ್ನೇ ಆರಿಸಿಕೊಳ್ಳುವುದಾದರೆ, ದೊಡ್ಡ ಗುಂಡಿಯನ್ನು ಪೂರ್ತಿ ಮುಚ್ಚುವಂತೆ ಅಡ್ಡಡ್ಡ ಮಲಗುವ ಸೌಜನ್ಯ ತೋರಬೇಕು.

ತಮ್ಮ ವಿಶ್ವಾಸಿ, ಅಂದರೆ ತಮ್ಮನ್ನು ಬಿಟ್ಟು ನಂಬಲು ಬೇರೆ ಯಾರೂ ಉಳಿದಿಲ್ಲದವಳು,
ಹನ್ನೊಂದನೇ ಪ್ಲಾಟು

ವಿ.ಸೂ.: ಶನಿವಾರ ಮಧ್ಯಾಹ್ನ ಸೇರಿಸಿದ್ದು. ಪರೀಕ್ಷಕರು ಬಂದು, ಗುಂಡಿಯ ಅಂಚಿನಲ್ಲಿ ನಿಂತು, “ಏನಮ್ಮ ಇದು, ಲಾನ್ ಮಾಡಿದೀಯೋ ಬಾವಿ ತೋಡಿದೀಯೋ?” ಎಂದಾಗ ನನ್ನ ಬಾಯಿಂದ “ನಾಯಿ, ಮೇಡಂ” ಎಂಬುದಷ್ಟೇ ಹೊರಟಿತು. “ನಮ್ಮಲ್ಲಿ ನಾಯಿಗಳೇ ಇಲ್ಲ ಮೇಡಂ, ಬೇಕಾದ್ರೆ ಫೈಲ್ ತರಿಸ್ತೀನಿ” ಎಂದು ಮೇಷ್ಟ್ರು ಹೇಳಿ ಮುಗಿಸುವುದಕ್ಕೂ, ತಾವು ಎಲ್ಲಿಂದಲೋ ಓಡಿ ಬಂದು ಮಣ್ಣಿನ ಮುಂಗಾಲುಗಳನ್ನು ಅವರ ಬಿಳಿ ಅಂಗಿಯ ಮೇಲೂರಿ, ಪ್ಯಾಂಟಿನ ಜೇಬಿನಿಂದ ಬಿಸ್ಕೆಟ್ ಪೊಟ್ಟಣವನ್ನು ಹಲ್ಲಿನಲ್ಲಿ ಎಳೆಯುವುದಕ್ಕೂ ಸರಿಹೋಯಿತು. “ಫೈಲ್ ಬೇಡ ಬಿಡಿ, ಇಬ್ರಿಗೂ ಚೆನ್ನಾಗಿ ಪರಿಚಯ ಇದ್ದ ಹಾಗಿದೆ” ಎಂದ ಮೇಡಂ, ನನ್ನ ಹಾಳೆಯ ಮೇಲೆ ‘ನಾಯಿಯಿಂದ ಹಾನಿ, ಒಂದು ತಿಂಗಳ ಅವಕಾಶ’ ಎಂದು ಬರೆದು ಬ್ಯಾಗಿನಲ್ಲಿಟ್ಟುಕೊಂಡು ಹೋದರು. ಆ ಹಾಳೆಯಲ್ಲಿ ತಾವು ಇದ್ದೀರಿ, ನಮ್ಮ ಕಚೇರಿಯ ಕಡತದಲ್ಲಿ ಇನ್ನೂ ಇಲ್ಲ. ಹೀಗಾಗಿ ನನಗೆ ಬೇಲಿಯೂ ಇಲ್ಲ. ಹೊಸದಾಗಿ ನೆಡಲು ಸ್ಟೋರಿನಲ್ಲಿ ಕೊಟ್ಟಿರುವುದು ಮತ್ತದೇ ಮೂಳೆಗೊಬ್ಬರ, ತುಂಬಿದ ಚೀಲ. ಈ ಸಲ ಅದನ್ನು ನನ್ನ ಪ್ಲಾಟಿಗೆ ಒಂದು ಚಿಟಿಕೆಯೂ ಹಾಕುವುದಿಲ್ಲ. ವಾರ್ಡನ್ ರೂಮಿನ ಗುಲಾಬಿಗಳಿಗೆ ನೀರು, ಗೊಬ್ಬರ ಹಾಕುವ ಸರದಿ ನಾಳೆಯಿಂದ ನನ್ನದು. ಪೂರ್ತಿ ಚೀಲ, ಮೇಲೆಯೇ ಉದುರಿಸುವ ವಿಚಾರವಿದೆ. ಸಪರಿವಾರರಾಗಿ ಬರಬೇಕು. ಇಲ್ಲದ ನಾಯಿಗಳಿಗೆ ಅವರೂ ಬೇಲಿ ಹಾಕುವಂತಿಲ್ಲ.