ಗುರುವಾರ ಹೊಡೆಯದ ಲಾಂಗ್ ಬೆಲ್

ವಿಜ್ಞಾನ ಕಲಿಸುವ ಮಾನ್ಯ ಮೇಡಂ ಅವರ ಸನ್ನಿಧಿಗೆ,

ಇದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಂಟೆ ಹೊಡೆಯುತ್ತಿರುವ ಜವಾನನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಕ್ಲಾಸಿನ ಗದ್ದಲದಿಂದಲೇ ತಿಳಿಯುತ್ತಿದೆ. ನಾನು ಕ್ಷೇಮವಾಗಿಲ್ಲ. ಕಳೆದ ಗುರುವಾರ ಶಾಲೆ ಬಿಡುವ ಲಾಂಗ್ ಬೆಲ್ ಏಕೆ ಹೊಡೆಯಲಿಲ್ಲವೆಂದು ಸೋಮವಾರದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಒಂದು ನಿಮಿಷವೂ ಆಚೀಚೆ ಮಾಡದ ನನ್ನ ಹೆಸರಿಗೆ ಮಸಿ ಬಳಿದವರು ತಾವೇ ಆದ್ದರಿಂದ, ಈ ದೂರನ್ನು ಎಲ್ಲರೂ ಓದಲೆಂದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ತಾವು ಬರುವ ಮುಂಚೆ ಶಾಲೆ ಎಷ್ಟು ಚೆನ್ನಾಗಿತ್ತು! ನಾಲ್ಕೂವರೆಯ ಬೆಲ್ಲಿಗೆ ನಾಲ್ಕೂಕಾಲಿಗೇ ತಮ್ಮ ಕ್ಲಾಸಿನ ನಲವತ್ತು ಮಕ್ಕಳೂ ಚೀಲ ಹೆಗಲಿಗೇರಿಸಿ ತುದಿಗಾಲಲ್ಲಿ ನಿಂತಿರುತ್ತಿದ್ದರು. ಈಗ ಬೆಲ್ ಹೊಡೆದು, ಬೀಗ ಹಿಡಿದು ಬಾಗಿಲಲ್ಲಿ ನಿಂತರೆ, "ಅಂಕಲ್, ಇನ್ನೊಂದೇ ನಿಮಿಷ" ಎನ್ನುತ್ತಾರೆ. ಅವರ ಒಂದು ನಿಮಿಷಕ್ಕೆ ಎಷ್ಟು ನಿಮಿಷವೆಂಬುದನ್ನೂ ದಯವಿಟ್ಟು ಅಳೆಸಿ ನೋಡಿ.

"ಶಾಲೆಯ ಒಂದು ತೊಂದರೆಯನ್ನು ನೀವೇ ಹುಡುಕಿ, ನೀವೇ ಸರಿಮಾಡಿ" ಎಂದು ತಾವು ಹೇಳಿದ್ದೇ ತಡ, ಅವರಿಗೆ ಸಿಕ್ಕವನು ನಾನು. ಮಹಡಿಯ ಮೇಲಿನ ತಮ್ಮ ಕೋಣೆಗೆ ಬೆಲ್ ಕೇಳಿಸುವುದಿಲ್ಲವಂತೆ. ಅಲ್ಲಿಯ ಮಕ್ಕಳಿಗೆ ಕಿವಿ ಮಂದವೆಂದುಕೊಂಡು ಇಷ್ಟು ವರ್ಷ ಜೋರಾಗಿ ಹೊಡೆಯುತ್ತಲೇ ಬಂದವನು ನಾನು. ಇವರೋ, ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬರು ನಿಂತು, ಚೀಟಿಯಲ್ಲಿ ಗುರುತು ಹಾಕಿಕೊಂಡು, ಮೂರೇ ದಿನದಲ್ಲಿ ಪತ್ತೆ ಹಚ್ಚಿದರು: ಗಂಟೆ ಗೋಡೆಗೆ ತಾಗಿಕೊಂಡಿತ್ತು, ನಾದ ಅಲ್ಲೇ ಅಡಗುತ್ತಿತ್ತು. ಒಂದು ಗೇಣು ಈಚೆಗೆ ಹಗ್ಗದಲ್ಲಿ ತೂಗುಹಾಕಿದರು. ಈಗ ಮೆಲ್ಲಗೆ ತಟ್ಟಿದರೂ ಬೀದಿಗೆಲ್ಲ ಕೇಳುತ್ತದೆ. ನನ್ನ ಬಲಭುಜದ ನೋವೂ ಮಾಯವಾಯಿತು. ಆ ನೋವಿನ ನೆಪದಲ್ಲಿ ಮನೆಯಲ್ಲಿ ನೀರು ಹೊರುವುದನ್ನು ತಪ್ಪಿಸಿಕೊಂಡಿದ್ದೆ. ಅದಕ್ಕೂ ಕಲ್ಲು ಹಾಕಿದಿರಿ. ಇಷ್ಟಾಗಿ, ಮೊದಲು ಕೇಳಿಸದಿದ್ದರೂ ಓಡಿಬರುತ್ತಿದ್ದ ಮಕ್ಕಳು ಈಗ ಚೆನ್ನಾಗಿ ಕೇಳಿಸಿಯೂ ಏಳುತ್ತಿಲ್ಲ.

ಇನ್ನು ಗುರುವಾರದ ಸಂಗತಿ. ಸದ್ದನ್ನು ಯಾವುದು ತಡೆಯುತ್ತದೆಂದು ನೋಡಲು ಮಕ್ಕಳು ಕೈಗಂಟೆಯೊಂದನ್ನು ಪೆಟ್ಟಿಗೆಯಲ್ಲಿಟ್ಟು ಹತ್ತಿ, ಕಾಗದ, ಮರದ ಹೊಟ್ಟು ತುಂಬುತ್ತಿದ್ದರು. "ಗಂಟೆ ವಿಷ್ಯದಲ್ಲಿ ನಿಮ್ಮಂಥ ಕಿವಿ ಯಾರಿಗಿದೆ ಅಂಕಲ್? ಕೇಳ್ಸಿದ್ರೆ ಕೈ ಎತ್ತಿ, ಆಯ್ತಾ?" ಎಂದು ಒಬ್ಬಳು ಪುಟ್ಟಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ನಾನು ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವನು. ಅಲ್ಲಿಂದೀಚೆಗೆ ಯಾರೂ ನನ್ನನ್ನು ಬೆಂಚಿನಲ್ಲಿ ಕೂರಿಸಿ ಏನನ್ನೂ ಕೇಳಿರಲಿಲ್ಲ. ಬಹಳ ಸಂತೋಷವಾಯಿತು, ಮುಚ್ಚಿಟ್ಟು ಏನು ಪ್ರಯೋಜನ? ಕಣ್ಣು ಮುಚ್ಚಿ ಕೂತವನಿಗೆ ನಾಲ್ಕೂವರೆ ಆದದ್ದೇ ತಿಳಿಯಲಿಲ್ಲ.

ಆದಕಾರಣ ತಾವು ವಾರಕ್ಕೊಂದು ದಿನವಾದರೂ ಮಕ್ಕಳಿಗೆ ತೂಕಡಿಕೆ ಬರುವಂತೆ ಪಾಠ ಮಾಡಬೇಕು. ಅದು ತಮ್ಮ ಕೈಲಾಗದಿದ್ದರೆ ಸೂರ್ಯನನ್ನಾದರೂ ಒಂದು ಗಂಟೆ ತಡವಾಗಿ ಮುಳುಗಲು ಒಪ್ಪಿಸಬೇಕು. ನನ್ನ ವಿವರಣೆಯ ಕೆಳಗೆ ಸಾಕ್ಷಿಯ ರುಜುವನ್ನಂತೂ ಹಾಕಲೇಬೇಕು.

ಇಪ್ಪತ್ತಾರು ವರ್ಷದಲ್ಲಿ ಒಮ್ಮೆ ಮಾತ್ರ ತಪ್ಪಿದ,
ತಮ್ಮ ವಿಶ್ವಾಸಿ,
ಶಾಲೆಯ ಜವಾನ

ತಾ.ಕ.: ಬೆಲ್ ಏಕಾಗಲಿಲ್ಲವೆಂದು ನನ್ನನ್ನು ಹುಡುಕಿಕೊಂಡು ಬಂದ ಮುಖ್ಯೋಪಾಧ್ಯಾಯರು, "ಹತ್ತಿ ಸಾಲಲ್ಲ ಕಣ್ರೋ, ನನ್ನ ಕೋಟು ಸುತ್ತಿ ನೋಡಿ" ಎಂದು ನನ್ನ ಪಕ್ಕದಲ್ಲೇ ಕೂತು ಐದೂವರೆಯವರೆಗೆ ಕೈ ಎತ್ತುತ್ತಿದ್ದರು. ಅವರ ಲಿಖಿತ ವಿವರಣೆಯನ್ನು ಯಾರು ಕೇಳಬೇಕೆಂಬುದನ್ನು ದಯಮಾಡಿ ಮಕ್ಕಳಿಗೆ ಮುಂದಿನ ಸಮಸ್ಯೆಯಾಗಿ ಕೊಡಿ.