ದೀಪಕ್ಕೆ ವಿದ್ಯುತ್ ಯೋಜನೆಯ ಸಂಪೂರ್ಣ ಯಶಸ್ಸು

ಬೊಳ್ಳಕುದ್ರಿಗೆ ವಿದ್ಯುತ್ ಮರಳಿಸುವ ಕಾರ್ಯವು ದೋಹಾದ ಅಲ್ ಹಿಲಾಲ್ ಬಡಾವಣೆಯ ಸಭಾಂಗಣದಲ್ಲಿ ಯಶಸ್ವಿಯಾಗಿ ಪೂರ್ಣಗೊಂಡಿದೆ ಎಂದು ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸಲಾಗಿದೆ. ಬೊಳ್ಳಕುದ್ರು ಎಂದರೆ ಊರಲ್ಲಿ ನಮ್ಮ ಹೊಳೆಯ ನಡುವೆ ಇರುವ ಪುಟ್ಟ ದ್ವೀಪ. ಅದು ದೋಹಾದಲ್ಲಿ ಇಲ್ಲವಲ್ಲ ಎಂದು ಕೆಲವರ ತಕರಾರು. ನಾನು ದೋಹಾದಲ್ಲಿರುವ ಊರವರ ಕುದ್ರು ಹಿತರಕ್ಷಣಾ ಸಂಘದ ಕಾರ್ಯದರ್ಶಿ, ಭೂಗೋಳದ ಮಾಸ್ತರನಲ್ಲ.

ಈ ಮಳೆಗಾಲದ ನೆರೆಗೆ ಕುದ್ರಿನ ಕರೆಂಟ್ ಕಂಬಗಳೆಲ್ಲ ಕೊಚ್ಚಿಹೋದವು. ದೋಹಾ ಹತ್ತಿರದ ಉಮ್ಮ್ ಸಲಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಸದಸ್ಯ ಶಾಫಿ ಸಮಿತಿ ಸಭೆಯಲ್ಲಿ ಎದ್ದು ನಿಂತ.

"ಅಧ್ಯಕ್ಷರೇ, ಕುದ್ರಿನಲ್ಲಿರುವ ನಮ್ಮ ಉಮ್ಮನಿಗೆ, ಹೆತ್ತ ತಾಯಿಗೆ, ದಮ್ಮು. ಉಸಿರು ಕಟ್ಟಿದರೆ ಮೆಷಿನ್ ಇಡಬೇಕು. ಈಗ ಮೆಷಿನನ್ನು ಮಡಿಲಲ್ಲಿಟ್ಟು ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದವರ ಮನೆಯಲ್ಲಿ ಉಸಿರು ತೆಗೊಂಡು ಬರ್ತಾರೆ. ದೋಣಿ ಸಿಗದ ದಿನ ಎಂತ ಮಾಡುವುದು?"

ಅಧ್ಯಕ್ಷ ಮಾರಿಸ್ ಕಣ್ಣೊರೆಸಿಕೊಂಡರು. "ಉಸಿರಿನ ವಿಷಯ ಮಾರಾಯ, ಒಂದು ಗಳಿಗೆ ತಡ ಮಾಡುವ ಹಾಗಿಲ್ಲ. ಯಲ್ಲಾ, ಬೇಗ ಬೇಗ, ಮೊದಲು ಬ್ಯಾನರ್ ಮಾಡಿಸುವ."

'ದ್ವೀಪಕ್ಕೆ ವಿದ್ಯುತ್' ಎಂಬ ಹೆಸರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾನರ್ ಮಾಡಿದ್ದು ಅಧ್ಯಕ್ಷರ ಮಗಳು ಜೆಸಿಕಾ. ಅವಳು ಕಲಿತದ್ದು ಇಂಗ್ಲಿಷ್ ಮೀಡಿಯಂ. ಬ್ಯಾನರಿನಲ್ಲಿ 'ದೀಪಕ್ಕೆ ವಿದ್ಯುತ್' ಎಂದಿತ್ತು. ಸಮಿತಿ ಅದರ ಬಣ್ಣವನ್ನು ಮೆಚ್ಚಿ, ಓದದೆ ಅಂಗೀಕರಿಸಿತು.

ತಪ್ಪು ಕಂಡದ್ದು ಶಾಫಿಗೆ. ಜೆಸಿಕಾಳನ್ನು ಕೇಳಿದರೆ ಅವಳು, "ಅಂಕಲ್, ಆ ಲೆಟರ್ ಕೆಳಗೆ ಚಿಕ್ಕದೊಂದು ತೂಗ್ತಿತ್ತಲ್ಲ, ಡಿಸೈನ್‌ಗೆ ಅಡ್ಡ ಆಯ್ತು. ತೆಗೆದೆ," ಎಂದಳು. ಹೀಗೆ ನೆರೆಯಲ್ಲಿ ಉಳಿದ ದ್ವೀಪ ಬ್ಯಾನರಿನಲ್ಲಿ ಮುಳುಗಿತು.

ತಿದ್ದೋಣವೆಂದರೆ ನಮ್ಮದು ನಿಯಮವಿರುವ ಸಂಘ. ಅಂಗೀಕೃತ ಹೆಸರನ್ನು ಮಹಾಸಭೆ ಮಾತ್ರ ತಿದ್ದಬಹುದು. ಯೋಜನೆ ಮುಗಿಯದೆ ಮಹಾಸಭೆ ಕರೆಯುವಂತಿಲ್ಲ. ಆದ್ದರಿಂದ ಹೆಸರಿನಲ್ಲಿದ್ದಂತೆ ದೀಪಕ್ಕೇ ವಿದ್ಯುತ್ ಕೊಡುವುದೆಂದು ತೀರ್ಮಾನವಾಯಿತು. ಎಣ್ಣೆದೀಪವೆಂದರೆ ಸಭಾಂಗಣದ ಮ್ಯಾನೇಜರ್ "ಬೆಂಕಿ ಮಾಫಿ", ಅಂದರೆ ಬೆಂಕಿ ಇಲ್ಲವೇ ಇಲ್ಲ, ಎಂದುಬಿಟ್ಟ. ಆಳೆತ್ತರದ ವಿದ್ಯುತ್ ದೀಪ ಬಂತು. ಕುದ್ರಿನ ಕಂಬಗಳಿಗೆಂದು ಸದಸ್ಯರಿಂದ ಕೂಡಿಸಿದ್ದ ಹಣವೆಲ್ಲ ದೀಪದ ಕಂಬಕ್ಕೆ ಹೋಯಿತು.

"ಕಂಬ ಕಂಬವೇ ಅಲ್ವಾ?" ಎಂದರು ಖಜಾಂಚಿ ರಸೆಲ್. ದ್ವೀಪದಲ್ಲಿ ಕರೆಂಟ್ ಬರುವವರೆಗೆ ಒಮ್ಮೆ ಬೆಳಗಿದ ದೀಪ ಆರಬಾರದು ಎಂಬ ಹೊಸ ನಿಯಮಕ್ಕಂತೂ ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಲೇ ಸಹಿ ಹಾಕಿದರು.

ಶಾಫಿ ಕಾದು ಕಾದು ಬೇಸತ್ತ. ಯಾರನ್ನೂ ಕೇಳದೆ, ತಾಯಿ ಆಯಿಷಮ್ಮನವರನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡ. ಸಂಘವು ಕೂಡಲೇ ಪ್ರಕಟಣೆ ಹೊರಡಿಸಿತು: 'ಕರೆಂಟ್ ದ್ವೀಪಕ್ಕೆ ಹೋಗುವ ಬದಲು ದ್ವೀಪವೇ ಕರೆಂಟಿನ ಬಳಿಗೆ ಬಂದಿದೆ. ಫಲಾನುಭವಿಗೆ ಸನ್ಮಾನವಿದೆ. ಸರ್ವರಿಗೂ ಸ್ವಾಗತ.'

ಸನ್ಮಾನದ ದಿನ ಅಧ್ಯಕ್ಷರು ಸ್ವಿಚ್ ಒತ್ತಿದರು. ದೀಪ ಬೆಳಗಿತು. ಸುಳ್ಳು ಯಾಕೆ, ಚೆಂದವೇ ಇತ್ತು. ಆಮೇಲೆ ಅಧ್ಯಕ್ಷರ ಭಾಷಣ ಶುರುವಾಯಿತು. ಅದು ಅರ್ಧಕ್ಕೆ ಬರುವಾಗ, ಹೆಗಲಿಗೆ ಶಾಲು ಹೊದ್ದು, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ವೇದಿಕೆಯಲ್ಲಿ ಕೂತಿದ್ದ ಆಯಿಷಮ್ಮನವರಿಗೆ ಉಬ್ಬಸ ಎದ್ದಿತು. ಶಾಫಿ ಮೆಷಿನ್ ಹಿಡಿದು ಓಡಿ ಬಂದ.

"ಮಾರಿಸಣ್ಣ, ಒಂದು ಪ್ಲಗ್!"

ಪ್ಲಗ್‌ಗಳು ಬೇಕಷ್ಟಿದ್ದವು. ಒಂದರಲ್ಲಿ ಮೈಕು, ಒಂದರಲ್ಲಿ ಫೇಸ್‌ಬುಕ್ ಲೈವ್, ಉಳಿದವುಗಳಲ್ಲಿ ಪದಾಧಿಕಾರಿಗಳ ಮೊಬೈಲುಗಳು. ಆಯಿಷಮ್ಮನವರ ಕಾಲ ಬುಡದಲ್ಲೇ ಇದ್ದದ್ದು ದೀಪದ ಪ್ಲಗ್. ಶಾಫಿ ಅದಕ್ಕೆ ಕೈ ಹಾಕಿದ.

"ಎಂತ ಮಾಡ್ತೀ ಮಾರಾಯ!" ಅಧ್ಯಕ್ಷರು ಮೈಕಿನಲ್ಲೇ ಕೂಗಿದರು. "ದ್ವೀಪಕ್ಕೆ ಕರೆಂಟ್ ಬಂದಿಲ್ಲ! ದೀಪ ಆರಿಸಿದರೆ ಕುದ್ರಿನವರಿಗೆ ದ್ರೋಹ!"

"ಕುದ್ರಿನವರೇ ಇವರು! ಉಸಿರು ಹೋಗ್ತಾ ಉಂಟು, ಕಣ್ಣಿಗೆ ಕಾಣುದಿಲ್ವಾ?"

"ಕಾಣ್ತದೆ. ಆದರೆ ನಿಯಮ ಉಂಟಲ್ಲ."

ಅಧ್ಯಕ್ಷರು ನನ್ನತ್ತ ನೋಡಿದರು. ನಿಯಮ ಇದೆ ಎಂದೆ. ಇದ್ದದ್ದನ್ನು ಇದೆ ಎನ್ನಲೇಬೇಕು.

ಶಾಫಿ ತಾಯಿಯನ್ನು ಎತ್ತಿಕೊಂಡು ಹೊರಗೆ ಓಡಿದ. ರಸ್ತೆಯ ಆಚೆ ಬದಿ ಒಬ್ಬ ಮಲಯಾಳಿಯ ದಿನಸಿ ಅಂಗಡಿ. ಅವನ ಬಳಿ ಬ್ಯಾನರ್ ಇಲ್ಲ, ನಿಯಮ ಇಲ್ಲ. ಐಸ್‌ಕ್ರೀಂ ಪೆಟ್ಟಿಗೆಯ ಪ್ಲಗ್ ಕಿತ್ತು ಮೆಷಿನಿಗೆ ಕೊಟ್ಟ. ಆಯಿಷಮ್ಮನವರು ಸನ್ಮಾನದ ಶಾಲು ಹೊದ್ದುಕೊಂಡು ಅಕ್ಕಿ ಚೀಲದ ಮೇಲೆ ಕೂತು ಉಸಿರಾಡಿದರು.

"ಊರಲ್ಲೂ ಹೀಗೇ ಮಗಾ," ಎಂದರು ಕೊನೆಗೆ. "ಕರೆಂಟ್ ಯಾವಾಗಲೂ ಆಚೆ ದಡದಲ್ಲಿ."

ಯೋಜನೆ ಮುಗಿದದ್ದರಿಂದ ಮಹಾಸಭೆ ಸೇರಿತು. ಫಲಾನುಭವಿಯು ಮೊದಲು ಹೊಳೆ ದಾಟಬೇಕಿತ್ತು, ಈಗ ರಸ್ತೆ ದಾಟಿದರೆ ಸಾಕು, ಇದು ಗಣನೀಯ ಪ್ರಗತಿ ಎಂದು ನಾನು ವರದಿ ಓದಿದೆ. ಎಲ್ಲರೂ ಕೈ ಎತ್ತಿ ಅನುಮೋದಿಸಿದರು. ಶಾಫಿಯೂ ಎತ್ತಿದ. ಅವನನ್ನು ಆಗಲೇ ದೀಪ ಸಂರಕ್ಷಣಾ ಉಪಸಮಿತಿಯ ಸಂಚಾಲಕನನ್ನಾಗಿ ಮಾಡಲಾಗಿತ್ತು.

ಆಯಿಷಮ್ಮನವರು ವೀಸಾ ಮುಗಿದು ಕುದ್ರಿಗೆ ಮರಳಿದ್ದಾರೆ. ದೋಣಿ ಸಿಕ್ಕ ದಿನ ಆಚೆ ದಡದಿಂದ ಫೋನ್ ಮಾಡಿ, ಉಸಿರು ತೆಗೆದುಕೊಳ್ಳುವ ನಡುವೆ ಮಗನನ್ನು ಕೇಳುತ್ತಾರಂತೆ: "ದೀಪ ಉರೀತಾ ಉಂಟಲ್ಲಾ ಮಗಾ?"

ಉರಿಯುತ್ತಿದೆ.