ಮಗ್ಗದ ಗುಂಡಿಯಲ್ಲಿ ಆಮೆನ್

ಮಗ್ಗದ ಗುಂಡಿಯ ಆಳ ನನ್ನ ಮೊಣಕಾಲಿಗಿಂತ ನಾಲ್ಕು ಬೆರಳು ಹೆಚ್ಚು. ಇದನ್ನು ನಾನು ಅಳೆದದ್ದು ಕಣ್ಣು ಮುಚ್ಚಿಕೊಂಡು.

ಚಳ್ಳಕೆರೆಯ ನಮ್ಮ ಪುಟ್ಟ ಚರ್ಚಿನ ಹೆಂಗಸರು ಆಗಾಗ ಮೊಳಕಾಲ್ಮೂರಿಗೆ ಹೋಗಿ, ಕರೆದವರ ಮನೆಯಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸಿ ಬರುತ್ತಾರೆ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನಾನೂ ಒಮ್ಮೆ ಹೊರಟೆ. ನಾಲ್ಕು ಜನರೆದುರು ಬಾಯಿ ತೆರೆಯಲು ನನಗೆ ಭಯ. ಆದರೆ ನನಗೆ ವಹಿಸಿದ್ದು ಹಣ್ಣಿನ ಚೀಲ ಹಿಡಿಯುವ ಕಾರ್ಯಭಾರ ಮಾತ್ರ. ಅದರಲ್ಲಿ ನನಗೆ ಸಂಪೂರ್ಣ ಆತ್ಮವಿಶ್ವಾಸವಿತ್ತು!

ರೇಷ್ಮೆ ಸೀರೆ ನೇಯುವ ಲಕ್ಷ್ಮಕ್ಕನ ಅತ್ತೆಗೆ ಮೊಣಕಾಲು ನೋವು. ಅಜ್ಜಿ ಗೋಡೆಗೊರಗಿ ಕೂತಿದ್ದರು. ಎದುರಿನ ಮಗ್ಗದಲ್ಲಿ ಯಾರದೋ ಮದುವೆಯ ಧಾರೆ ಸೀರೆ ಅರ್ಧ ಆಗಿತ್ತು. ವಾರದೊಳಗೆ ಕೊಡಬೇಕು, ಎಳೆ ಜೋಪಾನ ಎಂದು ಲಕ್ಷ್ಮಕ್ಕ ಬಾಗಿಲಲ್ಲೇ ಎಚ್ಚರಿಸಿದ್ದರು. ಅಷ್ಟರಲ್ಲಿ ಪ್ರಾರ್ಥಿಸಬೇಕಾದ ಪಾಸ್ಟರಮ್ಮನಿಗೆ ಕೆಮ್ಮು ಹತ್ತಿತು.

"ನೀನೇ ಮಾಡಮ್ಮ, ಓದಿರೋಳು" ಎಂದರು.

ಹಣ್ಣಿನ ಚೀಲ ಕೆಳಗಿಟ್ಟೆ. ನಮ್ಮಲ್ಲಿ ಕಣ್ಣು ಬಿಟ್ಟು ಪ್ರಾರ್ಥಿಸುವ ರೂಢಿಯಿಲ್ಲ, ಬಿಗಿಯಾಗಿ ಮುಚ್ಚಿದೆ. ಒಂದೊಂದು ಮಾತಿಗೂ ಹೆದರಿ ಒಂದೊಂದು ಹೆಜ್ಜೆ ಹಿಂದೆ ಸರಿದೆ. "ಕರ್ತನೇ, ಈ ತಾಯಿಯನ್ನು ಎಬ್ಬಿಸಿ ನಿಲ್ಲಿಸು" ಎನ್ನುವಷ್ಟರಲ್ಲಿ, ನೇಯುವವರು ಕಾಲು ಇಳಿಬಿಡುವ ಗುಂಡಿಗೆ ಜಾರಿದೆ. ಹಿಡಿಯಲು ಸಿಕ್ಕಿದ್ದು ಧಾರೆ ಸೀರೆ!

ಟಪಟಪನೆ ಎಳೆ ಕಡಿಯಿತು. ಕಣ್ಣು ಬಿಡಲು ಧೈರ್ಯ ಬರಲಿಲ್ಲ. ಬಾಗಿಲಲ್ಲಿ ಬೀದಿಯವರು ಸೇರುತ್ತಿರುವುದು ಕೇಳಿಸಿತು. ಪ್ರಾರ್ಥನೆಗೆ ಬಂದವರು ಮಗ್ಗ ಹಾಳುಮಾಡಿದರು ಎಂಬ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತುತ್ತದೆ. ಇನ್ನು ಯಾವ ಮನೆಯೂ ನಮ್ಮನ್ನು ಒಳಗೆ ಬಿಡದು. ಆಮೆನ್ ಹೇಳಬೇಕೋ ಬೇಡವೋ ಅದೂ ತಿಳಿಯಲಿಲ್ಲ.

"ಸೀರೆ ಬಿಡವ್ವಾ!" ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಕಣ್ಣು ಬಿಟ್ಟೆ. ಅಜ್ಜಿ!

"ಅತ್ತಮ್ಮ ಎದ್ದು ನಿಂತವ್ರೆ!" ಲಕ್ಷ್ಮಕ್ಕ ಸೀರೆಯನ್ನೂ ಮರೆತರು. "ದೀಪಾವಳಿಯಿಂದ ಎದ್ದಿರ್ಲಿಲ್ಲ ಕಣ್ರೀ."

ಬೀದಿಯವರು ಕೈ ಮುಗಿದು ಹೊರಟರು. ಕಡಿದದ್ದು ಕೆಲವೇ ಎಳೆ. ಲಕ್ಷ್ಮಕ್ಕ ಗೊಣಗುತ್ತಲೇ ಕಟ್ಟಿದರು, ಸೀರೆ ಉಳಿಯಿತು. ಕೂತ ಅಜ್ಜಿಯನ್ನು ಮತ್ತೆ ಎಬ್ಬಿಸಲು ಇಬ್ಬರು ಬೇಕಾದರು. ಅದನ್ನು ನೋಡಲು ಬೀದಿಯವರು ಯಾರೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಪಾಸ್ಟರಮ್ಮ ಫೋನ್ ಮಾಡಿದರು. ಅದೇ ಬೀದಿಯ ಇನ್ನಿಬ್ಬರು ಅಜ್ಜಿಯರಿಗೂ ಮೊಣಕಾಲು ನೋವಂತೆ. ಗುಂಡಿಗೆ ಬಿದ್ದ ಹುಡುಗಿಯೇ ಬರಬೇಕಂತೆ.

ಮಗ್ಗವಿಲ್ಲದ ಮನೆಯಲ್ಲಿ ಯಾರಿಗಾದರೂ ಮೊಣಕಾಲು ನೋವಿದೆಯೇ ಎಂದು ವಿನಯದಿಂದ ವಿಚಾರಿಸಿದೆ.